ಎರಡನೆಯ ಸಾಕ್ಷಿ

ಪೊಲೀಸ್ ಠಾಣೆಯ ಗೇಟಿನ ಎದುರಿಗೇ ಕಲೀಚಾಳ ಅಂಗಡಿ. ಅಂಗಡಿಯೆಂದರೆ ಲಾರಿಯಲ್ಲಿ ಸರಕು ಸಾಗಿಸುವ ಹಳೆಯ ಕಬ್ಬಿಣದ ಕಂಟೇನರು. ಅದಕ್ಕೊಂದು ಕಿಟಕಿ ಕೊರೆದು ಬಾಗಿಲು ಕೂರಿಸಿದ್ದರು. ಒಳಗೆ ಒಂದು ಜೆರಾಕ್ಸ್ ಯಂತ್ರ, ಒಂದು ಕಂಪ್ಯೂಟರು, ಪಾಸ್‌ಪೋರ್ಟ್ ಫೋಟೊ ತೆಗೆಯಲು ಗೋಡೆಗೆ ಬಿಗಿದ ಬಿಳಿ ಬಟ್ಟೆ, ಮೂರು ಸ್ಟೂಲು. ಇಪ್ಪತ್ತಾರು ವರ್ಷ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು ಈಗ ಊರಿನವರಿಗೆ ಅರ್ಜಿ ಬರೆದುಕೊಡುತ್ತಿದ್ದಳು. ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಎಜೆ ಎಂದು, ಅಂದರೆ ಅಕ್ಕ. ಅವಳ ಪೂರ್ತಿ ಹೆಸರು ಗೊತ್ತಿದ್ದವರು ಕಡಿಮೆ.

ಠಾಣೆಗೆ ಹೋಗುವವರೆಲ್ಲ ಮೊದಲು ಇಲ್ಲಿಗೇ ಬರುತ್ತಿದ್ದರು. ಹಾಗಾಗಿ ಪೊಲೀಸರ ಬಗ್ಗೆ ಊರು ಏನೆನ್ನುತ್ತದೆ ಎಂಬುದು ಪೊಲೀಸರಿಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು.

“ಕಳ್ಳ ಬಂದಾಗ ಒಂದು ಕುರಿ ಹೋಯ್ತು ಎಜೆ. ತನಿಖೆಗೆ ಅಂತ ಇವ್ರು ನಾಲ್ಕು ಜನ ಬಂದ್ರಲ್ಲ, ಊಟಕ್ಕೆ ಇನ್ನೊಂದು ಕುಯ್ದೆ. ಕೇಸು ವಾಪಸ್ ತಗೊಳ್ತೀನಿ ಅಂತ ಬರ್ಕೊಡಿ, ಮೂರನೇದಾದ್ರೂ ಉಳೀಲಿ,” ಎಂದಿದ್ದ ಗುಡ್ಡದ ಕಡೆಯ ಮುದುಕನೊಬ್ಬ.

ಆದರೆ ಅದೇ ಠಾಣೆಯ ಕ್ಯಾಪ್ಟನ್ ತಿಲೆಕ್‌ನ ಮಾತು ಬಂದಾಗ ಜನರ ದನಿ ಬದಲಾಗುತ್ತಿತ್ತು. ಸುತ್ತಲಿನ ಹನ್ನೊಂದು ಬೀದಿಗಳು ಅವನ ಉಸ್ತುವಾರಿಗೆ ಸೇರಿದ್ದವು. ಕುಡಿದು ಹೆಂಡತಿಗೆ ಹೊಡೆಯುವವರ ಮನೆಗೆ ಹೋಗಿ ಕೂತು, ಚಹಾ ಕುಡಿದು, ಬುದ್ಧಿ ಹೇಳಿ ಬರುತ್ತಿದ್ದ. ಬಜಾರಿನ ಹೆಂಗಸರು, “ಇವ್ನೊಬ್ಬ ಪೊಲೀಸ್‌ಗೆ ದಾರಿ ತಪ್ಪಿ ಬಂದವ್ನೆ” ಎಂದು ನಗುತ್ತಿದ್ದರು.

ಕಲೀಚಾಳ ಮೇಲೆ ಅವನ ಇನ್ನೂ ದೊಡ್ಡ ಋಣವಿತ್ತು. ಅವಳ ಗಂಡ ಜಪಾರ್‌ಗೆ ಮರೆವಿನ ರೋಗ. ಎರಡು ಚಳಿಗಾಲದ ಹಿಂದೆ ಒಂದು ಬೆಳಗ್ಗೆ, ನಲವತ್ತು ವರ್ಷ ತಾನು ಓಡಿಸಿದ್ದ ಬಸ್ಸನ್ನು ಹುಡುಕಿಕೊಂಡು ಅವನು ಮನೆಯ ಚಪ್ಪಲಿಯಲ್ಲೇ ಹಿಮಕ್ಕಿಳಿದಿದ್ದ. ತಿಲೆಕ್ ಅಂದು ರಜೆಯಲ್ಲಿದ್ದರೂ ಬಂದು, ಕಾಲುವೆಯ ದಂಡೆ ಹಿಡಿದು ಎಂಟು ಗಂಟೆ ನಡೆದು ಮುದುಕನನ್ನು ಪತ್ತೆ ಮಾಡಿದ್ದ. ತನ್ನ ಕೋಟನ್ನು ಅವನಿಗೆ ಹೊದಿಸಿ, ತಾನು ಬರೀ ಅಂಗಿಯಲ್ಲಿ ನಡುಗುತ್ತ ಮನೆಯವರೆಗೆ ತಂದು ಬಿಟ್ಟಿದ್ದ.

ಹಾಗಾಗಿ ಅವನು ಆಗಾಗ ಮಹಜರಿಗೆ ಸಾಕ್ಷಿಯ ಸಹಿ ಕೇಳಿದಾಗ ಅವಳು ಇಲ್ಲವೆನ್ನುತ್ತಿರಲಿಲ್ಲ. ಜಪ್ತಿಯಾಗಲಿ, ತಪಾಸಣೆಯಾಗಲಿ, ನಡೆಯುವಾಗ ಇಬ್ಬರು ನಾಗರಿಕರು ಕಣ್ಣಾರೆ ನೋಡಿರಬೇಕೆಂದು ಕಾನೂನು. ಆದರೆ ಕೆಲಸ ಬಿಟ್ಟು ನಿಲ್ಲುವವರು ಯಾರು? ಕದ್ದ ಸೈಕಲ್ಲು, ಮುರಿದ ಬೀಗ, ಕಳ್ಳಭಟ್ಟಿಯ ಎರಡು ಕ್ಯಾನು. ಅವಳು ನೋಡದೆಯೇ ಇಂಥ ಎಷ್ಟಕ್ಕೆ ಸಹಿ ಹಾಕಿದ್ದಳೋ ಲೆಕ್ಕವಿರಲಿಲ್ಲ.

ಆ ವರ್ಷ ಬೇಸಿಗೆಯ ಕೊನೆಗೆ ಮೆದೆರ್ ಎಂಬ ಟ್ಯಾಕ್ಸಿ ಚಾಲಕ ಅವಳ ಅಂಗಡಿಗೆ ಬಂದಿದ್ದ. ಮೇಲ್ತುಟಿ ಒಡೆದಿತ್ತು. ಠಾಣೆಯ ಮುಖ್ಯಸ್ಥ ಮೇಜರ್ ತನ್ನ ಅತಿಥಿಗಳನ್ನು ಸರೋವರದ ಕಡೆ ಕರೆದೊಯ್ಯಲು ಹೇಳಿದ್ದನಂತೆ. ಇವನು ಮಗುವಿಗೆ ಜ್ವರ, ಆಗುವುದಿಲ್ಲ ಎಂದದ್ದಕ್ಕೆ ಬಸ್ ನಿಲ್ದಾಣದಲ್ಲಿ ಎಲ್ಲರೆದುರು ಹೊಡೆದನಂತೆ.

“ಬರೀರಿ ಎಜೆ. ನೇರ ರಾಜಧಾನಿಗೇ, ಬಿಷ್ಕೆಕ್‌ಗೇ ಕಳಿಸ್ತೀನಿ.”

“ಯೋಚನೆ ಮಾಡಿದ್ಯಾ?”

“ಯೋಚನೆ ಮಾಡಿದ್ರೆ ಬರೆಸಕ್ಕಾಗಲ್ಲ. ಅದಕ್ಕೇ ಹೊಡ್ತ ಬಿದ್ದ ತಕ್ಷಣ ಬಂದಿದೀನಿ.”

ಅವಳು ಬರೆದುಕೊಟ್ಟಳು. ಚೆನ್ನಾಗಿಯೇ ಬರೆದಳು.

ಇದಾಗಿ ಮೂರು ವಾರಕ್ಕೆ, ಒಂದು ಗುರುವಾರ, ಜಪಾರ್‌ನನ್ನು ಆಸ್ಪತ್ರೆಗೆ ತೋರಿಸಿಕೊಂಡು ಬಂದು ಅಂಗಡಿ ತೆರೆಯುವಾಗ ಹನ್ನೊಂದು ದಾಟಿತ್ತು. ಬಾಗಿಲಲ್ಲಿ ಆಗಲೇ ನಾಲ್ಕು ಜನ ಕಾಯುತ್ತಿದ್ದರು. ಅವಳು ಕಂಪ್ಯೂಟರು ಹಚ್ಚುವಷ್ಟರಲ್ಲಿ ತಿಲೆಕ್ ಒಳಗೆ ಬಂದ.

“ಎಜೆ, ಒಂದು ಸಹಿ. ಎಲ್ಲ ಮುಗಿದಿದೆ, ಎರಡನೇ ಸಾಕ್ಷಿ ಒಂದು ಬಾಕಿ.”

“ಏನಪ್ಪ ಇದು?”

“ಮಾಮೂಲಿ.”

ಅವನು ಅವಳ ಮುಖ ನೋಡಲಿಲ್ಲ. ಅದು ಅವಳಿಗೆ ಆಗ ಹೊಳೆಯಲಿಲ್ಲ. ಕನ್ನಡಕ ಚೀಲದಲ್ಲೆಲ್ಲೋ ಇತ್ತು. ಅವನು ಬೆರಳಿಟ್ಟ ಜಾಗದಲ್ಲಿ ಸಹಿ ಎಳೆದು, “ಮನೇಲಿ ಎಲ್ಲ ಆರಾಮಾ?” ಎಂದು ಕೇಳಿದಳು. ಅವನು “ಹೂಂ” ಎಂದು ಹೊರಟುಹೋದ.

ಮರುವಾರ ಮೆದೆರ್‌ನ ಹೆಂಡತಿ ನಾಸಿಕಾತ್ ಬಂದಳು. ಚಿಕ್ಕ ವಯಸ್ಸಿನವಳು, ಅತ್ತು ಅತ್ತು ಕಣ್ಣ ಸುತ್ತ ಚರ್ಮ ಸುಲಿದಂತಾಗಿತ್ತು. ಮೆದೆರ್‌ನ ಕಾರಿನಲ್ಲಿ ಚರಸ್ ಪೊಟ್ಟಣ ಸಿಕ್ಕಿತೆಂದು ಅವನನ್ನು ಹಿಡಿದಿದ್ದರು. ವಿಚಾರಣೆ ಇನ್ನು ಹತ್ತು ದಿನಕ್ಕಿತ್ತು.

“ಅವ್ನು ಸಿಗರೇಟ್ ಕೂಡ ಸೇದಲ್ಲ ಎಜೆ. ವಕೀಲರು ಇದನ್ನ ಕೊಟ್ರು. ನೋಡಿ, ಇಬ್ರು ಸಾಕ್ಷಿ ಎದುರಿಗೇ ಸೀಟಿನ ಕೆಳಗಿಂದ ತೆಗೆದ್ರು ಅಂತ ಬರ್ಕೊಂಡಿದಾರೆ. ಒಬ್ಬ ಕೆನೆಶ್, ಕಾರು ನಿಲ್ಲಿಸೋ ಮೈದಾನದ ಕಾವಲುಗಾರ. ಅವ್ನು ಬಿಡಿ, ಅವ್ರು ಹೇಳಿದ್ರೆ ತನ್ನ ತಾಯಿ ಮೇಲೂ ಸಹಿ ಹಾಕ್ತಾನೆ. ಇನ್ನೊಬ್ಳು ಇದಾಳಲ್ಲ, ತುರ್ಸುನೋವಾ ಅಂತೆ, ಅವ್ಳು ಯಾರು ಅಂತ ಗೊತ್ತಾಗ್ತಿಲ್ಲ.”

ಕಲೀಚಾ ಕನ್ನಡಕ ಹಾಕಿಕೊಂಡಳು. ಕಾಗದದ ಕೊನೆಗೆ ಅವಳದೇ ಸಹಿ. ಮೇಲೆ ದಿನಾಂಕ, ಗುರುವಾರ. ಸಮಯ ಹತ್ತು ಇಪ್ಪತ್ತು. ಆ ಹೊತ್ತಿಗೆ ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಜಪಾರ್‌ನ ಅಂಗಿಯ ಗುಂಡಿ ಹಾಕುತ್ತಿದ್ದಳು.

“ಬರೀರಿ ಎಜೆ,” ಎಂದಳು ನಾಸಿಕಾತ್. “ಈ ತುರ್ಸುನೋವಾ ಸುಳ್ಳುಗಾತಿ ಅಂತ ಬರೀರಿ. ಪೊಲೀಸ್ರ ಎಂಜಲು ತಿಂದು ಬದುಕೋಳು ಅಂತ ಬರೀರಿ.”

“ಹಾಗೆಲ್ಲ ಬರೆಯೋಕೆ ಬರಲ್ಲ ಮಗಳೇ. ‘ಸ್ಥಳದಲ್ಲಿ ಇರಲಿಲ್ಲವೆಂದು ನಂಬಲು ಕಾರಣಗಳಿವೆ’ ಅಂತ ಬರೀಬೇಕು.”

“ಅದನ್ನೇ ಬರೀರಿ.”

ಕಲೀಚಾ ಟೈಪು ಮಾಡತೊಡಗಿದಳು. ಎದ್ದು ಹೊರಗೆ ಹೋಗೋಣವೆಂದರೆ ನಾಸಿಕಾತ್‌ಳ ಸ್ಟೂಲು ಬಾಗಿಲಿಗೆ ಅಡ್ಡ. ಕಿಟಕಿಯಿಂದ ನೋಡಿದರೆ ಠಾಣೆಯ ಗೇಟು. ತನ್ನ ಹೆಸರನ್ನು ಟೈಪು ಮಾಡುವಾಗ ಎರಡು ಸಲ ಅಕ್ಷರ ತಪ್ಪಿತು. ಅರ್ಜಿ ಮುಗಿಸಿ, ಮುದ್ರಿಸಿ, ಕಾಗದವನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಕೈ ಇಟ್ಟುಕೊಂಡೇ ಕೂತಳು. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎನ್ನಿಸಿತು.

“ಆ ತುರ್ಸುನೋವಾ ನಾನೇ ಕಣೇ.”

ನಾಸಿಕಾತ್‌ಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೂಗಾಡುತ್ತಾಳೆಂದು ಕಲೀಚಾ ಭುಜ ಕುಗ್ಗಿಸಿ ಕೂತಿದ್ದಳು. ಅವಳು ಕೂಗಾಡಲಿಲ್ಲ. ಕಾಗದವನ್ನು ಮೆಲ್ಲಗೆ ಎಳೆದುಕೊಂಡಳು.

“ನಾನು ಸಹಿ ಎಲ್ಲಿ ಹಾಕ್ಬೇಕು?”

ಕಲೀಚಾ ಜಾಗ ತೋರಿಸಿದಳು.

“ಇದನ್ನ ಅಲ್ಲಿ ಹೇಳ್ತೀರಾ? ನ್ಯಾಯಾಧೀಶರ ಮುಂದೆ?”

ಹೇಳುತ್ತೇನೆ ಎನ್ನಲು ಕಲೀಚಾ ಬಾಯಿ ತೆರೆದಳು. “ನೋಡೋಣ,” ಎಂದು ಮಾತ್ರ ಹೊರಬಂತು. ನಾಸಿಕಾತ್ ತಲೆಯ ವಸ್ತ್ರ ಸರಿಮಾಡಿಕೊಂಡು ಹೋದಳು.

ಮಧ್ಯಾಹ್ನ ಕಲೀಚಾ ತಿಲೆಕ್‌ನನ್ನು ಹುಡುಕಿಕೊಂಡು ಹೋದಳು. ಠಾಣೆಯ ಹಿಂದಿನ ಪಾಪ್ಲರ್ ಮರಗಳ ಕೆಳಗೆ ಅವನು ಒಬ್ಬನೇ ರೊಟ್ಟಿ ತಿನ್ನುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

“ಆ ಪೊಟ್ಟಣ ಯಾರಿಟ್ಟಿದ್ದು?” ಎಂದು ಕೇಳಿದಳು.

“ಕೂತ್ಕೊಳ್ಳಿ ಎಜೆ.”

“ಯಾರಿಟ್ಟಿದ್ದು?”

“ನಾನು ಹೋಗೋಷ್ಟರಲ್ಲಿ ಅದು ಕಾರಿನ ಬಾನೆಟ್ ಮೇಲಿತ್ತು. ಮೇಜರ್ ಬರ್ಕೋ ಅಂದ್ರು. ಬರ್ಕೊಂಡೆ.” ಅವನು ರೊಟ್ಟಿಯನ್ನು ಪೇಪರಿನಲ್ಲಿ ಸುತ್ತತೊಡಗಿದ. “ಬರೆಯಲ್ಲ ಅಂದಿದ್ರೆ ನನ್ನ ಮನೇಲೂ ಒಂದು ಪೊಟ್ಟಣ ಸಿಕ್ತಿತ್ತು.”

“ನಾನು ನೋಡಿಲ್ಲ ಅಂತ ಹೇಳ್ತೀನಿ.”

“ಹೇಳಿ. ಮೆದೆರ್ ಹೊರಗೆ ಬರ್ತಾನೋ ಇಲ್ವೋ ಗೊತ್ತಿಲ್ಲ. ನಾವಿಬ್ರೂ ಒಳಗೆ ಹೋಗೋದು ಗ್ಯಾರಂಟಿ. ಸುಳ್ಳು ಸಾಕ್ಷಿ ಹಾಕಿದ್ದು ನೀವು, ಹಾಕಿಸಿದ್ದು ನಾನು. ಮೇಜರ್ ಹೆಸ್ರು ಎಲ್ಲಾದ್ರೂ ಇದೆಯಾ ನೋಡಿ ಅದರಲ್ಲಿ. ನೀವು ಒಳಗೆ ಹೋದ್ರೆ ಬೈಕೇನ ಯಾರು ನೋಡ್ಕೊತಾರೆ?”

ಬೈಕೆ ಅಂದರೆ ಅಣ್ಣ. ಜಪಾರ್‌ನನ್ನು ಅವನು ಕರೆಯುತ್ತಿದ್ದುದೇ ಹಾಗೆ.

“ಹೆದರಿಸ್ತಿದೀಯಾ?”

“ಇಲ್ಲ ಎಜೆ, ನಿಜ ಹೇಳ್ತಿದೀನಿ. ಆವತ್ತು ಬೈಕೇನ ಹುಡುಕ್ದಾಗ ನಿಮ್ಮ ಹತ್ರ ಏನಾದ್ರೂ ಕೇಳಿದ್ನಾ?”

“ಇಲ್ಲ.”

“ಈಗ ಕೇಳ್ತಿದೀನಿ.”

“ಆವತ್ತೇ ಕೇಳಿದ್ರೆ ಚೆನ್ನಾಗಿತ್ತಪ್ಪ. ಕೊಟ್ಟು ಮುಗಿಸ್ತಿದ್ದೆ,” ಎಂದಳು ಕಲೀಚಾ.

ಮುಂದಿನ ದಿನಗಳು ಅವಳಿಗೆ ಹೇಗೆ ಕಳೆದವೋ. ಬಿಷ್ಕೆಕ್‌ನಲ್ಲಿದ್ದ ಮಗಳಿಗೆ ಫೋನು ಮಾಡಿದರೆ, “ಅಮ್ಮಾ, ಮರೆವು ಅನ್ನು. ಈ ವಯಸ್ಸಿಗೆ ನಂಬ್ತಾರೆ,” ಎಂದಳು. ಮರೆತವನೊಬ್ಬ ಮನೆಯಲ್ಲೇ ಇದ್ದ. ನ್ಯಾಯಾಲಯದಲ್ಲಿ ತಾನೂ ಅವನಂತೆ ನಟಿಸುವುದನ್ನು ನೆನೆದು ಅವಳಿಗೆ ಹೇಸಿಗೆಯಾಯಿತು. ಒಂದು ಸಂಜೆ ಮೇಜರ್ ತಾನೇ ಅಂಗಡಿಗೆ ಬಂದು ಫೋಟೊ ತೆಗೆಸಿಕೊಂಡ. ಬಿಳಿ ಬಟ್ಟೆಯ ಮುಂದೆ ನೆಟ್ಟಗೆ ಕೂತು, “ಅಂಗಡಿ ಒಳ್ಳೇ ಜಾಗದಲ್ಲಿದೆ ಎಜೆ. ಪುರಸಭೆಯ ಪರವಾನಗಿ ಎಲ್ಲ ಸರಿ ಇದೆ ತಾನೇ?” ಎಂದು ಕೇಳಿದ. ಸರಿ ಇದೆ ಎಂದಳು. “ಹಾಗೇ ಇರ್ಲಿ,” ಎಂದು ಎದ್ದು ಹೋದ. ಅವನ ಫೋಟೊ ಕತ್ತರಿಸುವಾಗ ಕಿವಿಯ ಬಳಿ ಓರೆಯಾಯಿತು. ಮತ್ತೆ ಮುದ್ರಿಸಬೇಕಾಯಿತು.

ವಿಚಾರಣೆಯ ದಿನ ಪಕ್ಕದ ಮನೆಯಾಕೆಯನ್ನು ಜಪಾರ್‌ಗೆ ಕಾವಲಿಟ್ಟು ನ್ಯಾಯಾಲಯಕ್ಕೆ ಹೋದಳು. ಮೆದೆರ್ ಕಂಬಿಗಳ ಪಂಜರದಲ್ಲಿ ನಿಂತಿದ್ದ. ಎರಡು ವಾರಕ್ಕೇ ಅವನ ಕೊರಳು ತೆಳ್ಳಗಾಗಿತ್ತು. ಮೊದಲು ಕೆನೆಶ್‌ನನ್ನು ಕರೆದರು. ಅವನು ಬಾಯಿಪಾಠ ಒಪ್ಪಿಸುವ ಮಗುವಿನಂತೆ ಚಾವಣಿ ನೋಡುತ್ತ ಎಲ್ಲ ಹೇಳಿದ. ಚಾಲಕನ ಸೀಟಿನ ಕೆಳಗೆ ಎನ್ನುವ ಬದಲು ಹಿಂದಿನ ಸೀಟು ಎಂದು, ಆಮೇಲೆ ತಿದ್ದಿಕೊಂಡ.

ಬಳಿಕ ಕಲೀಚಾಳ ಸರದಿ. ನ್ಯಾಯಾಧೀಶೆ ಮಧ್ಯವಯಸ್ಸಿನವಳು, ಎದುರಿಗಿದ್ದ ಕಡತ ಬಿಟ್ಟು ತಲೆಯೆತ್ತಿರಲಿಲ್ಲ.

“ಈ ಸಹಿ ನಿಮ್ಮದೇ?” ಎಂದು ಸರ್ಕಾರಿ ವಕೀಲ ಕೇಳಿದ.

“ನನ್ನದೇ.”

“ಪೊಟ್ಟಣ ತೆಗೆದದ್ದನ್ನು ನೋಡಿದಿರಿ.”

ಕಲೀಚಾ ಗೋಡೆಯ ಬಳಿ ನಿಂತಿದ್ದ ತಿಲೆಕ್‌ನನ್ನು ನೋಡಿದಳು. ಅವನ ಮುಖದಲ್ಲಿ ಬೆದರಿಕೆಯಿರಲಿಲ್ಲ, ಬರೀ ದಣಿವಿತ್ತು. ಬೆದರಿಕೆಯಿದ್ದಿದ್ದರೆ ಸುಲಭವಾಗುತ್ತಿತ್ತು ಎಂದುಕೊಂಡಳು.

“ನೋಡ್ಲಿಲ್ಲ,” ಎಂದಳು. “ಆ ಹೊತ್ತಿಗೆ ನಾನು ಆಸ್ಪತ್ರೇಲಿದ್ದೆ. ನಮ್ಮ ಯಜಮಾನ್ರನ್ನ ಕರ್ಕೊಂಡು ಹೋಗಿದ್ದೆ, ಅಲ್ಲಿನ ದಾಖಲೆ ಪುಸ್ತಕದಲ್ಲಿ ಬರ್ದಿದೆ. ಕಾಗದ ಆಮೇಲೆ ಅಂಗಡಿಗೆ ಬಂತು. ಓದದೆ ಸಹಿ ಹಾಕ್ದೆ.”

ನ್ಯಾಯಾಧೀಶೆ ಈಗ ತಲೆಯೆತ್ತಿದಳು. “ಇದರಿಂದ ನಿಮಗೇನಾಗುತ್ತೆ ಅಂತ ಗೊತ್ತಿದೆಯಾ?”

“ಗೊತ್ತಿದೆ. ಅಂಥ ಅರ್ಜಿ ಎಷ್ಟೋ ಬರ್ದಿದೀನಿ.”

ಕೂರಲು ಹೇಳುತ್ತಾರೇನೋ ಎಂದು ಕಾದಳು. ಯಾರೂ ಹೇಳಲಿಲ್ಲ.

ಆಸ್ಪತ್ರೆಯ ಪುಸ್ತಕ ತರಿಸಿ ನೋಡಲು ಮೂರು ವಾರ ಹಿಡಿಯಿತು. ಮಹಜರು ಊರ್ಜಿತವಲ್ಲವೆಂದು ತೀರ್ಮಾನವಾಗಿ ಮೆದೆರ್ ಬಿಡುಗಡೆಯಾದ. ಅವನು ಬಂದು ಅಂಗಡಿಯ ಹೊಸ್ತಿಲಲ್ಲಿ ನಿಂತು, “ಎಲ್ಲಾದ್ರೂ ಹೋಗ್ಬೇಕಂದ್ರೆ ಕಾರಿದೆ ಎಜೆ,” ಎಂದು ಹೋದ. ಆದರೆ ಕಲೀಚಾ ಎಲ್ಲಿಗೂ ಹೋಗುವಂತಿರಲಿಲ್ಲ. ಸುಳ್ಳು ಮಹಜರು ಬರೆದವನ ಮೇಲೂ ಸಹಿ ಹಾಕಿದವರ ಮೇಲೂ ತನಿಖೆಗೆ ಆದೇಶವಾಗಿತ್ತು. ಊರು ಬಿಡುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟು, ಪ್ರತಿ ಸೋಮವಾರ ತನಿಖಾಧಿಕಾರಿಯ ಕಚೇರಿಗೆ ಹಾಜರಾಗಬೇಕಿತ್ತು. ಮೇಜರ್ ಎಂದಿನಂತೆ ಠಾಣೆಗೆ ಬಂದು ಹೋಗುತ್ತಿದ್ದ. ತಿಲೆಕ್‌ನನ್ನು ಅಮಾನತು ಮಾಡಿದ್ದರು.

ನಾಸಿಕಾತ್ ಬರಲಿಲ್ಲ. ಒಮ್ಮೆ ಬಜಾರಿನಲ್ಲಿ ಎದುರಾದಾಗ, “ಹೇಳಿದ್ರಿ, ಒಳ್ಳೇದಾಯ್ತು. ಆದ್ರೆ ಸಹಿನೂ ನೀವೇ ಹಾಕಿದ್ದು,” ಎಂದು ಹೇಳಿ ಮುಂದೆ ನಡೆದಳು.

ಊರಿನಲ್ಲಿ ಕೆಲವರು ಅವಳನ್ನು ಗಟ್ಟಿಗಿತ್ತಿ ಎಂದರು. ಬಜಾರಿನ ಹೆಂಗಸರು ಮಾತ್ರ ಮುಖಕ್ಕೇ ಅಂದರು: “ಮನುಷ್ಯ ಅನ್ನೋ ಪೊಲೀಸ್ ಒಬ್ಬ ಇದ್ದ. ಹೋಗಿ ಹೋಗಿ ಅವ್ನನ್ನೇ ತೆಗ್ಸಿದ್ಯಲ್ಲ ಎಜೆ. ಮೇಜರ್‌ಗೊಂದು ಕೂದಲೂ ಕೊಂಕ್ಲಿಲ್ಲ.” ಮೆದೆರ್‌ನ ತೆಳುವಾದ ಕೊರಳನ್ನು ನೆನೆದರೆ ಮಾಡಿದ್ದು ಸರಿಯೆನ್ನಿಸುತ್ತಿತ್ತು. ಹಿಮದಲ್ಲಿ ಬರೀ ಅಂಗಿಯಲ್ಲಿ ನಡುಗುತ್ತ ನಿಂತಿದ್ದವನನ್ನು ನೆನೆದರೆ ಊಟ ಸೇರುತ್ತಿರಲಿಲ್ಲ.

ನಾಲ್ಕನೆಯ ಸೋಮವಾರ ಅವಳು ಹೋದಾಗ ಓಣಿಯಂಥ ಪಡಸಾಲೆಯ ಬೆಂಚಿನ ಮೇಲೆ ತಿಲೆಕ್ ಕೂತಿದ್ದ. ಸಾದಾ ಜಾಕೆಟ್ಟಿನಲ್ಲಿ ಅವನು ಚಿಕ್ಕವನಂತೆ ಕಂಡ. ಬೇರೆ ಬೆಂಚು ಇರಲಿಲ್ಲ. ಅವನು ಪಕ್ಕಕ್ಕೆ ಸರಿದು ಜಾಗ ಮಾಡಿದ. ಅವಳು ಕೂತಳು. ಇಬ್ಬರೂ ಎದುರಿನ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು.

“ಬೈಕೆ ಹೇಗಿದಾರೆ?” ಎಂದು ಅವನು ಕೇಳಿದ.

“ಹಾಗೇ ಇದಾರೆ. ನಿನ್ನೆ ನನ್ನನ್ನ ಟಿಕೆಟ್ ಕೇಳಿದ್ರು.”

ಅವನು ಅರ್ಧ ನಕ್ಕು ತಲೆ ತಗ್ಗಿಸಿದ.

“ನಿನ್ನ ಮಕ್ಳು?”

“ಸ್ಕೂಲಲ್ಲಿ ಏನೋ ಅಂದ್ರಂತೆ. ದೊಡ್ಡೋಳು ಎರಡು ದಿನದಿಂದ ಹೋಗ್ತಿಲ್ಲ.”

ಕಲೀಚಾ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡಳು. ಬಾಗಿಲು ತೆರೆಯಿತು. ಒಳಗಿನಿಂದ ಯಾರೋ ಅವನ ಹೆಸರು ಕೂಗಿದರು. ತಿಲೆಕ್ ಎದ್ದು ಜಾಕೆಟ್ ಎಳೆದು ಸರಿಪಡಿಸಿಕೊಂಡ.

“ಇಲ್ಲಿ ಲೇಟಾಗುತ್ತೆ ಎಜೆ,” ಎಂದ. “ಮನೇಗೆ ಫೋನ್ ಮಾಡಿ ಹೇಳ್ಬಿಡಿ.”

ಅವನು ಒಳಗೆ ಹೋದ ಮೇಲೆ ಅವಳು ಫೋನು ತೆಗೆದು, ಜಪಾರ್‌ಗೆ ಕಾವಲಿದ್ದ ಪಕ್ಕದ ಮನೆಯಾಕೆಯ ಸಂಖ್ಯೆ ಒತ್ತಿದಳು.