ಅಮಾವಾಸ್ಯೆಯ ಉಬ್ಬರ

ನನ್ನ ಗಂಡ ಮೀನು ಹಿಡಿಯುತ್ತಾರೆ. ತ್ಯಾಗರಾಜನಗರದ ನಮ್ಮ ಬೀದಿಯಲ್ಲಿ ಇದನ್ನು ಗಟ್ಟಿಯಾಗಿ ಹೇಳುವ ಹಾಗಿಲ್ಲ, ಆದರೂ ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರ ಹಾಗೆ ಇರುತ್ತಾರೆ ಅಷ್ಟೆ. ಟೆಲಿಫೋನ್ ಇಲಾಖೆಯಲ್ಲಿದ್ದಾಗ ಇವರಿಗೆ ಕುಮಟೆಗೆ ವರ್ಗವಾಗಿತ್ತು. ಅತ್ತೆ, ಮಾವ, ಮಕ್ಕಳ ಸ್ಕೂಲು ಅಂತ ನಾನು ಇಲ್ಲೇ ಉಳಿದೆ. ಅಲ್ಲಿ ಸಂಜೆ ಹೊತ್ತು ಹೋಗದೆ ಗಾಳ ಹಿಡಿದರು, ಅದನ್ನು ಇವತ್ತಿಗೂ ಬಿಟ್ಟಿಲ್ಲ. ತಿನ್ನುವುದಿಲ್ಲ. ಹಿಡಿದದ್ದನ್ನು ದಡದಲ್ಲೇ ಯಾರಿಗಾದರೂ ಕೊಟ್ಟು, ರೈಲು ಹತ್ತಿ ಬಂದು, ಹಿತ್ತಲ ನಲ್ಲಿಯಲ್ಲಿ ಸ್ನಾನ ಮಾಡಿ ಒಳಗೆ ಬರುತ್ತಾರೆ. ಗಾಳದ ಕೋಲು ಸ್ಕೂಟರ್ ಷೆಡ್ ದಾಟಿ ಬರಕೂಡದು ಅನ್ನುವುದು ಅತ್ತೆ ಮಾಡಿದ ಕಾನೂನು. ಅತ್ತೆ ಹೋದ ಮೇಲೂ ಅದು ಜಾರಿಯಲ್ಲಿದೆ.

ಈ ಹುಚ್ಚಿನಲ್ಲಿ ನನ್ನದೂ ಒಂದು ಪಾಲಿತ್ತು. ಕಡಲು ಚಂದ್ರನ ಮಾತು ಕೇಳುತ್ತದೆ, ಚಂದ್ರನ ಲೆಕ್ಕ ಪಂಚಾಂಗದಲ್ಲಿರುತ್ತದೆ, ಈ ಮನೆಯಲ್ಲಿ ಪಂಚಾಂಗ ನೋಡುವವಳು ನಾನು. ಅಮಾವಾಸ್ಯೆ, ಹುಣ್ಣಿಮೆಗೆ ಉಬ್ಬರವೂ ಜೋರು, ಸೆಳೆತವೂ ಜೋರು. ಸಣ್ಣ ಮೀನು ನೀರಿನ ಜೊತೆ ಕೊಚ್ಚಿಕೊಂಡು ಬರುತ್ತದೆ, ದೊಡ್ಡದು ಅದರ ಬೆನ್ನು ಹತ್ತುತ್ತದೆ. ಅಷ್ಟಮಿಗೆ ನೀರೂ ಸಪ್ಪೆ, ಮೀನೂ ಸೋಮಾರಿ. ಅಮಾವಾಸ್ಯೆಯ ದಿನ ಆ ಕಡೆ ಹನ್ನೊಂದರ ಸುಮಾರಿಗೆ ನೀರು ತುಂಬುತ್ತದೆ. ಆಮೇಲೆ ತಿಥಿಗೆ ಎರಡು ಗಳಿಗೆಯಂತೆ, ಅಂದರೆ ಮುಕ್ಕಾಲು ಗಂಟೆಯಷ್ಟು, ತಡವಾಗುತ್ತಾ ಹೋಗುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಟ್ಟಿಲ್ಲ. ಕುಮಟೆಯಿಂದ ಇವರು ಫೋನಿನಲ್ಲಿ ಇವತ್ತು ಇಷ್ಟಕ್ಕೆ ತುಂಬಿತು, ನೆನ್ನೆ ಅಷ್ಟಕ್ಕೆ ತುಂಬಿತ್ತು ಅನ್ನುವುದನ್ನು ಕೇಳಿಕೊಂಡು, ಸಾರಿಗೆ ಒಗ್ಗರಣೆ ಹಾಕುತ್ತಾ ನಾನೇ ಕಂಡುಕೊಂಡದ್ದು. ಆ ಕಡಲನ್ನು ಮಾತ್ರ ಒಂದು ಸಲವೂ ನೋಡಿಲ್ಲ.

ಹೊರಡುವ ಹಿಂದಿನ ದಿನ ಇವರು ಅಡುಗೆಮನೆ ಬಾಗಿಲಿಗೆ ಬಂದು, “ವಿಜಿ, ಎಷ್ಟಕ್ಕೆ ತುಂಬತ್ತೆ?” ಅನ್ನುತ್ತಿದ್ದರು. ಮಿಕ್ಕಂತೆ ನಮ್ಮ ಮಾತೆಲ್ಲ ಗ್ಯಾಸ್ ಬುಕ್ ಮಾಡಿದ್ಯಾ, ಮಾತ್ರೆ ತಗೊಂಡ್ರಾ, ಇಷ್ಟೇ. ನನಗೆ ಮಾತ್ರ ಗೊತ್ತಿರುವ ಒಂದು ವಿಷಯವನ್ನು ಇವರು ನನ್ನ ಮುಖ ನೋಡಿ ಕೇಳುತ್ತಿದ್ದದ್ದು ಇದೊಂದೇ. ಹೇಳುವಾಗ ನನಗೆ ಸ್ವಲ್ಪ ಜಂಬವೇ ಬರುತ್ತಿತ್ತು.

ಆಗ ಬಂದಳು ತೇಜಸ್ವಿನಿ.

ಜೆ.ಪಿ. ನಗರದವಳು, ಯಾವುದೋ ಆಫೀಸಿನಲ್ಲಿ ಕೆಲಸ, ಮೂವತ್ತು ದಾಟಿಲ್ಲ. ಗಾಳದ ಹುಚ್ಚಿನವರದ್ದೊಂದು ವಾಟ್ಸಾಪ್ ಗುಂಪು ಮಾಡಿದ್ದಳು. ಇವರು ಅದಕ್ಕೆ ಹೇಗೆ ಸೇರಿದರೋ ದೇವರೇ ಬಲ್ಲ. ಆರು ಜನ ಹುಡುಗ ಹುಡುಗಿಯರ ನಡುವೆ ಇವರು ಕಿಟ್ಟಿ ಅಂಕಲ್. ಕಿಟ್ಟಿ ಅಂತ ಇವರನ್ನು ಕರೆಯುತ್ತಿದ್ದದ್ದು ನಮ್ಮತ್ತೆ ಒಬ್ಬರೇ. ನಾನು ಮದುವೆಯಾದಾಗಿನಿಂದ “ರೀ” ದಾಟಿಲ್ಲ, ಇವಳು ಎರಡನೇ ಭೇಟಿಗೇ ಕಿಟ್ಟಿ ಅಂದಳು. ನನಗೆ ಹೊಟ್ಟೆ ಉರಿಯಿತು. ಉರಿಯಿತು ಅಂತಲೇ ಹೇಳುತ್ತೇನೆ, ಅದಕ್ಕೆ ಬೇರೆ ಹೆಸರು ಯಾಕೆ?

ಒಂದು ಸಲ ಮನೆಗೂ ಬಂದಿದ್ದಳು. “ಆಂಟಿ, ನನ್ ನಂಬರ್ ಸೇವ್ ಮಾಡ್ಕೊಳ್ಳಿ, ಅಂಕಲ್ ಫೋನ್ ಎತ್ತಲ್ಲ ಅಲ್ಲಿ,” ಅಂತ ನನ್ನ ಫೋನು ಇಸಿದುಕೊಂಡು ತಾನೇ ಹಾಕಿದಳು. ಅವಳು ಗೇಟು ದಾಟಿದ ಮೇಲೆ ನಾನು ಹೆಸರು ಬದಲಾಯಿಸಿ “ಮೀನುಹುಡುಗಿ” ಅಂತ ಮಾಡಿದೆ.

ಅವಳು ಇವರ ಕೈಗೆ ಒಂದು ಆ್ಯಪ್ ಕೊಟ್ಟಳು. ಯಾವತ್ತು, ಎಷ್ಟಕ್ಕೆ ಉಬ್ಬರ, ಎಷ್ಟಕ್ಕೆ ಇಳಿತ ಎಲ್ಲ ಅದರಲ್ಲೇ ಬರುತ್ತದಂತೆ. ಅಲ್ಲಿಗೆ ಇವರು ಅಡುಗೆಮನೆ ಬಾಗಿಲಿಗೆ ಬರುವುದು ನಿಂತಿತು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳೇ?

ಹೋದ ತಿಂಗಳ ಅಮಾವಾಸ್ಯೆಗೆಂದು ಹೊಸ ಜಾಗ ಗೊತ್ತು ಮಾಡಿಕೊಂಡಿದ್ದರು. ಹೊಳೆ ಕಡಲಿಗೆ ಸೇರುವ ಅಳಿವೆ, ಅದರ ಬಾಯಲ್ಲೊಂದು ಬಂಡೆ, ದಡದಿಂದ ನಡೆದೇ ಹೋಗಬಹುದು. ನೀರು ತುಂಬಿ ಇಳಿಯಲು ಶುರುವಾದಾಗ ಆ ಬಂಡೆಯ ಮರೆಯಲ್ಲಿ ಕೆಂಬೇರಿ ಮೀನು ಹೊಂಚು ಹಾಕಿರುತ್ತದೆ ಅಂತ ಇವರು ಊಟದ ತಟ್ಟೆಯ ಮುಂದೆ ಕೈ ಆಡಿಸಿ ಆಡಿಸಿ ಹೇಳಿದರು. ನಾನಾಗಿಯೇ ಹೇಳಿದೆ, “ಹನ್ನೊಂದಕ್ಕೆ ತುಂಬತ್ತೆ.”

“ಇಲ್ಲ ವಿಜಿ, ಎಂಟೂಮುಕ್ಕಾಲು. ತೇಜು ಸ್ಕ್ರೀನ್‌ಶಾಟ್ ಕಳ್ಸಿದಾಳೆ ನೋಡು.”

“ಅಮಾವಾಸ್ಯೆ ದಿನ ಎಂಟೂಮುಕ್ಕಾಲಾ? ಯಾವತ್ತಾದ್ರೂ ಆಗಿದ್ಯಾ?”

“ಅಳಿವೆಯಿಂದ ಅಳಿವೆಗೆ ವ್ಯತ್ಯಾಸ ಇರತ್ತೆ. ಸ್ಯಾಟಲೈಟ್ ಲೆಕ್ಕ ಅದು, ನಿನ್ನ ಒಂಟಿಕೊಪ್ಪಲ್ ಪಂಚಾಂಗ ಅಲ್ಲ,” ಅಂದು ನಕ್ಕರು.

“ಹಾಗಾದ್ರೆ ಸ್ಯಾಟಲೈಟನ್ನೇ ಮಜ್ಜಿಗೆ ಕೇಳಿ,” ಅಂತ ಎದ್ದು ಬಂದೆ. ಮರುದಿನ ಚತುರ್ದಶಿ ರಾತ್ರಿಯ ರೈಲು ಹತ್ತಿದರು. ಬಾಗಿಲಿಗೂ ನಾನು ಬರಲಿಲ್ಲ.

ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ ಒಬ್ಬಳೇ ಕೂತಿದ್ದೆ. ಅಷ್ಟೇನಿದೆ ಆ ಆ್ಯಪಿನಲ್ಲಿ, ನನ್ನಲ್ಲಿ ಇಲ್ಲದ್ದು ಅಂತ ಹುಡುಕಿ ನನ್ನ ಫೋನಿಗೂ ಇಳಿಸಿಕೊಂಡೆ. ತೆರೆಯಿತು. ನೀಲಿ ಬಣ್ಣದ ಅಲೆ ಬಂತು, ಅದರ ಕೆಳಗೆ ಉಬ್ಬರ ಎಂಟೂಮುಕ್ಕಾಲು ಅಂತ ಬಂತು. ಅವಳು ಕಳಿಸಿದ್ದ ಅದೇ ಹೊತ್ತು. ಕನ್ನಡಕ ಹಾಕಿಕೊಂಡು ಮೇಲೆ ನೋಡಿದರೆ ಸಣ್ಣಕ್ಷರದಲ್ಲಿ ಊರಿನ ಹೆಸರಿತ್ತು: ಚೆನ್ನೈ.

ನಾನು ಗಟ್ಟಿಯಾಗಿ ನಕ್ಕೆ. ಬೆಂಗಳೂರಿನಲ್ಲಿ ಕೂತು ತೆರೆದರೆ ಅದು ತನಗೆ ಹತ್ತಿರವಾಗಿ ಕಂಡ ಕಡಲನ್ನು ತೋರಿಸಿದೆ. ಮಹಾರಾಯಿತಿ ಅದನ್ನೇ ಫೋಟೋ ತೆಗೆದು ಎಲ್ಲರಿಗೂ ಹಂಚಿದ್ದಾಳೆ. ಪಡುವಣ ಕಡಲಿಗೆ ಮೂಡಣ ಕಡಲಿನ ಹೊತ್ತು! ಮನೆಗೆ ಬರಲಿ, ಹೇಳುತ್ತೇನೆ ಅಂತ ಮಾತು ಜೋಡಿಸಿಕೊಳ್ಳುತ್ತಾ ಗಡಿಯಾರ ನೋಡಿದೆ. ಒಂಬತ್ತೂವರೆ ಆಗಿತ್ತು.

ಆಗ ಹೊಳೆಯಿತು. ನೀರು ತುಂಬಿ ಆಯಿತು, ಇನ್ನು ಇಳಿಯುತ್ತದೆ ಅಂತ ಇವರು ತಿಳಿದಿದ್ದಾರೆ. ಮೊಣಕಾಲು ಮಟ್ಟದ ನೀರು ದಾಟಿ, ಇಷ್ಟೇ ತಾನೇ ಅಂತ ಆ ಬಂಡೆ ಹತ್ತಿ ನಿಂತಿರುತ್ತಾರೆ. ನೀರು ಇನ್ನೂ ಒಂದೂವರೆ ಗಂಟೆ ಏರುತ್ತದೆ, ಅದೂ ಅಮಾವಾಸ್ಯೆಯ ನೀರು. ಇವರಿಗೆ ಈಜು ಬರುವುದಿಲ್ಲ.

ಇವರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ನನ್ನ ಬೆರಳು ಮೀನುಹುಡುಗಿಯ ಹೆಸರಿನ ಮೇಲೆ ಬಂತು. ಆ ಹೊತ್ತಿನಲ್ಲೂ ಅವಳನ್ನು ಬೇಡಿಕೊಳ್ಳಬೇಕಲ್ಲ ಅಂತ ಒಂದು ಕ್ಷಣ ಸಂಕಟವಾಯಿತು. ಒತ್ತಿದೆ.

“ಹಲೋ ಆಂಟಿ! ಅಂಕಲ್ ಬಂಡೆ ಮೇಲಿದಾರೆ, ಸಖತ್ ಖುಷಿಯಾಗಿದಾರೆ.”

“ಈಗ್ಲೇ ಇಳಿಸಮ್ಮ ಅವರನ್ನ. ನೀರು ಇನ್ನೂ ಏರತ್ತೆ.”

“ಇಲ್ಲ ಆಂಟಿ, ಆ್ಯಪಲ್ಲಿ ಇಳಿಯಕ್ಕೆ ಶುರು ಅಂತಿದೆ.”

“ಅದು ಚೆನ್ನೈದು ಕಣೇ! ಮೇಲೆ ಓದು, ಚೆನ್ನೈ ಅಂತಿದೆ!”

ಆ ಕಡೆ ಗಾಳಿಯ ಸದ್ದು ಮಾತ್ರ ಕೇಳಿಸಿತು. ಆಮೇಲೆ “ಅಯ್ಯೋ” ಅಂದಳು. ಫೋನು ಕಟ್ಟಾಯಿತು.

ದೇವರ ಮುಂದೆ ಕೂತೆ, ಆದರೆ ಒಂದು ಶ್ಲೋಕವೂ ನೆನಪಿಗೆ ಬರಲಿಲ್ಲ. ಮಜ್ಜಿಗೆ ವಿಷಯಕ್ಕೆ ಆಡಿದ ಮಾತೇ ತಲೆಯಲ್ಲಿ ತಿರುಗುತ್ತಿತ್ತು. ಎಷ್ಟು ಹೊತ್ತಾಯಿತೋ, ಫೋನು ಬಂತು.

“ಬಂದ್ರು ಆಂಟಿ, ದಡದಲ್ಲಿದಾರೆ. ನೀರು ಎದೆ ಮಟ್ಟಕ್ಕೆ ಬಂದಿತ್ತು. ಸೆಳೆತ ಜೋರಿತ್ತು.”

ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅತ್ತು ಮುಗಿಸಿ ನಾನು ಕೇಳಿದ ಮೊದಲ ಮಾತು, “ಯಾರು ಕರ್ಕೊಂಡ್ ಬಂದಿದ್ದು?”

“ನಾನೇ ಹೋದೆ ಆಂಟಿ. ಗಟ್ಟಿಯಾಗಿ ಕೈ ಹಿಡ್ಕೊಂಡು ಬಂದ್ವಿ.”

ಕೈ ಹಿಡಿದುಕೊಂಡು. ಸಾವಿನ ಬಾಯಿಂದ ಗಂಡ ಈಚೆ ಬಂದಿದ್ದರೂ ನನಗೆ ಆ ಮಾತೇ ಚುಚ್ಚಿತು. ಎಂಥ ಹೆಂಗಸಪ್ಪ ನಾನು ಅನ್ನಿಸಿತು. ಅನ್ನಿಸಿದರೂ ಉರಿ ಆರಲಿಲ್ಲ.

ಬಂದ ಮೇಲೆ ಇವರು ಮುಚ್ಚುಮರೆಯನ್ನೂ ಮರೆತು ಬೀದಿಯವರಿಗೆಲ್ಲ ಕತೆ ಹೇಳಿದ್ದೇ ಹೇಳಿದ್ದು. ತೇಜು ಇಲ್ಲದಿದ್ರೆ ನಾನು ಇರ್ತಿರಲಿಲ್ಲ, ಏನು ಧೈರ್ಯ ಆ ಹುಡುಗಿಗೆ! ಕತೆಯಲ್ಲಿ ಚೆನ್ನೈ ಬರಲಿಲ್ಲ, ಫೋನೂ ಬರಲಿಲ್ಲ. ನಾನೂ ನೆನಪಿಸಲಿಲ್ಲ. ಕೇಳಿ ಇಸಿದುಕೊಂಡರೆ ಅದಕ್ಕೇನು ಬೆಲೆ?

ಮುಂದಿನ ಭಾನುವಾರ ಅವಳೇ ಮನೆಗೆ ಬಂದಳು. ಇವರ ಎದುರಿಗೇ, “ಅಂಕಲ್, ನಿಮ್ಮನ್ನ ಉಳಿಸಿದ್ದು ಆಂಟಿ. ನಾನು ತಪ್ಪು ಮಾಡ್ದೋಳು,” ಅಂದಳು. ಆಮೇಲೆ ನನ್ನ ಕಡೆ ತಿರುಗಿ, “ಆಂಟಿ, ಆ ಲೆಕ್ಕ ನಂಗೆ ಹೇಳ್ಕೊಡ್ತೀರಾ?”

“ಹೇಳ್ಕೊಡಲ್ಲ,” ಅಂದೆ.

ಅವಳ ಕಾಫಿ ಲೋಟ ಬಾಯಿಯ ಹತ್ತಿರವೇ ನಿಂತಿತು. ನಾನು ನಿಲ್ಲಿಸಲಿಲ್ಲ. “ಅದೊಂದು ನಂದು. ಅದನ್ನೂ ನಿಂಗೆ ಕೊಟ್ರೆ ಈ ಮನುಷ್ಯ ನನ್ನನ್ನ ಕೇಳೋದು ಇನ್ನೇನೂ ಉಳಿಯಲ್ಲ.”

ಇವರು ಪೇಪರು ಮಡಿಸಿದರು. ಹುಡುಗಿ ಲೋಟ ಕೆಳಗಿಟ್ಟು, “ಹಾಗಿದ್ರೆ ನೀವೇ ಬನ್ನಿ ಆಂಟಿ, ನಮ್ ಜೊತೆ,” ಅಂದಳು.

ನಾನು ಬಾಯಿ ತೆರೆಯುವ ಮೊದಲೇ ಇವರು, “ಛೆ ಛೆ, ಅವಳಿಗೆ ಮೀನಿನ ವಾಸನೆ ಆಗಲ್ಲ,” ಅಂದರು.

“ವಾಸನೆ ಆಗಲ್ಲ ಅಂತ ನಾನು ಯಾವತ್ತು ಹೇಳಿದೆ?”

ನಿಜವಾಗಿಯೂ ಯೋಚಿಸಿದರು, ಪಾಪ. “ಹೇಳಿಲ್ಲ,” ಅಂದರು.

“ಮತ್ತೆ? ಇಷ್ಟು ವರ್ಷದಲ್ಲಿ ಬರ್ತೀಯಾ ಅಂತ ಒಂದ್ಸಲ ಕೇಳಿದೀರಾ?”

ಇವರು ಕಿಟಕಿಯ ಕಡೆ ನೋಡಿದರು. “ಅಲ್ಲಿ ಒಬ್ಬನೇ ಇರೋದು ನಂಗಿಷ್ಟ, ವಿಜಿ.”

ಒಬ್ಬರೇ ಎಲ್ಲಿದ್ದರು? ಜೊತೆಗೆ ಆರು ಜನ ಇದ್ದರು. ಒಬ್ಬನೇ ಅಂದರೆ ನಾನಿಲ್ಲದೆ ಅಂತ ಅರ್ಥ. ಇಷ್ಟು ದಿನ ಈ ಹುಡುಗಿಯ ಮೇಲೆ ಉರಿದುಕೊಂಡದ್ದೆಲ್ಲ ದಂಡ. ಇವಳು ಹುಟ್ಟುವ ಮೊದಲೇ ಆ ದಡದಿಂದ ನನ್ನನ್ನು ಆಚೆ ಇಟ್ಟಾಗಿತ್ತು.

ತೇಜಸ್ವಿನಿ ತಲೆ ತಗ್ಗಿಸಿ ಕೂತಿದ್ದಳು. ನಾನು ಎದ್ದು ಹೋಗಿ ಪಂಚಾಂಗ ತಂದು ಅವಳ ಪಕ್ಕದಲ್ಲಿ ಕೂತೆ. ತಿಥಿ ಎಲ್ಲಿ ನೋಡಬೇಕು, ಗಳಿಗೆ ಹೇಗೆ ಕೂಡಬೇಕು, ಅಷ್ಟಮಿಗೆ ಯಾಕೆ ಹೋಗಬಾರದು, ಎಲ್ಲ ಹೇಳಿಕೊಟ್ಟೆ. ಏನನ್ನೂ ಬಚ್ಚಿಡಲಿಲ್ಲ. ಇವರು ಎದುರಿಗೇ ಕೂತು ಕೇಳುತ್ತಿದ್ದರು.

“ತುಂಬಿದ ನೀರು ತಿರುಗೋವಾಗ ಹೇಗಿರತ್ತಮ್ಮ?” ಅಂತ ಅವಳನ್ನು ಕೇಳಿದೆ. ಇಷ್ಟು ವರ್ಷ ಹೊತ್ತು ಹೇಳಿದ್ದೆನೇ ಹೊರತು ಅದು ನನಗೆ ಗೊತ್ತಿರಲಿಲ್ಲ.

“ಸ್ವಲ್ಪ ಹೊತ್ತು ಎಲ್ಲಾ ಸುಮ್ನಾಗತ್ತೆ ಆಂಟಿ. ಆಮೇಲೆ...” ಕೈಯಲ್ಲಿ ಏನೋ ತೋರಿಸಲು ಹೋಗಿ ಬಿಟ್ಟಳು. “ಹೇಳಕ್ಕೆ ಬರಲ್ಲ. ನೀವೇ ನೋಡ್ಬೇಕು.”

“ನೋಡೋಣ. ಹುಣ್ಣಿಮೆಗೆ ನಾವಿಬ್ರೇ ಹೋಗೋಣ,” ಅಂದೆ.

ಇವರ ಮುಖ ಹೇಗಾಯಿತೋ ನಾನು ತಿರುಗಿ ನೋಡಲಿಲ್ಲ.