ಯಜಮಾನರ ಹೆಸರು ಕೂಗಿದ ಮೈಕು

ನನಗೆ ಬಾಯಿ ದೊಡ್ಡದು, ಕತ್ತು ಸಣ್ಣದು, ಹೊಟ್ಟೆಯ ತುಂಬ ಬ್ಯಾಟರಿ ಸೆಲ್ಲು. ಕೈಯಲ್ಲಿ ಹಿಡಿದು ಕೂಗುತ್ತಾರಲ್ಲ, ಆ ಮೈಕು ನಾನು. ಓದಿದವರು ಮೆಗಾಫೋನ್ ಎನ್ನುತ್ತಾರೆ. ಹುಟ್ಟಿದ್ದು ಜಪಾನಿನ ಒಂದು ಕಾರ್ಖಾನೆಯಲ್ಲಿ. ನನಗೆ ಕೊನೆಯ ತಿರುಪು ಬಿಗಿದ ಹುಡುಗಿ ನನ್ನನ್ನು ಬಾಯಿಗೆ ಹಿಡಿದು "ಆ... ಆ..." ಎಂದಳು. ನನ್ನ ಮೊದಲ ಮಾತು ಅದೇ. ನಿಮ್ಮ ಮಕ್ಕಳದ್ದೂ ಹೆಚ್ಚುಕಡಿಮೆ ಅದೇ ಅಲ್ಲವೇ?

ಜಪಾನಿನ ಮೈಕಿಗೆ ಕನ್ನಡ ಹೇಗೆ ತಿಳಿಯಿತು ಎಂದು ನೀವು ಕೇಳಬಹುದು. ನಮ್ಮ ಜಾತಿಗೆ ಭಾಷೆಯ ಹಂಗಿಲ್ಲ. ಕೂಗುವವರ ಉಸಿರು ಬೆನ್ನಿಗೆ ಬಡಿದ ಕೂಡಲೇ ಅವರಿಗೆ ಸಿಟ್ಟು ಬಂದಿದೆಯೋ, ಹೆದರಿಕೆಯಾಗಿದೆಯೋ ನಮಗೆ ಗೊತ್ತಾಗಿಬಿಡುತ್ತದೆ. ಮಾತು ಆಮೇಲೆ ಬರುತ್ತದೆ.

ನನ್ನನ್ನು ಮೊದಲು ಕೊಂಡದ್ದು ಒಂದು ಪ್ರಾಥಮಿಕ ಶಾಲೆ. ಅಲ್ಲಿನ ಆಟದ ಮೇಷ್ಟ್ರು ತ್ಸುಕಾಮೊತೊ ಅವರ ಕೈಯಲ್ಲಿ ನನ್ನ ಬಾಲ್ಯ ಕಳೆಯಿತು. "ಸಾಲಾಗಿ ನಿಲ್ಲಿ!" "ಓಡಿ!" "ಬಿದ್ದರೆ ಏಳಿ!" ಇಷ್ಟೇ ಮಾತು. ಭೂಕಂಪದ ಅಭ್ಯಾಸವಿದ್ದ ದಿನ ಮಾತ್ರ ಅವರು ದನಿ ತಗ್ಗಿಸಿ "ಹೆದರಬೇಡಿ" ಎನ್ನುತ್ತಿದ್ದರು. ಹುಡುಗರು ಕದ್ದು ಬಂದು ನನ್ನ ಸೈರನ್ ಗುಂಡಿ ಒತ್ತಿ ಓಡಿಹೋಗುತ್ತಿದ್ದರು. ಬರಬರುತ್ತ ಆ ಊರಿನಲ್ಲಿ ಮಕ್ಕಳೇ ಕಡಿಮೆಯಾದರು. ಸಾಲಾಗಿ ನಿಲ್ಲಿ ಅನ್ನುವುದಕ್ಕೆ ಸಾಲೇ ಆಗುತ್ತಿರಲಿಲ್ಲ. ಒಂದು ವರ್ಷ ಶಾಲೆ ಮುಚ್ಚಿದರು. ಕುರ್ಚಿಗಳು ಒಂದು ಕಡೆ ಹೋದವು, ಡೋಲು ಒಂದು ಕಡೆ ಹೋಯಿತು. ನನ್ನನ್ನು ಬಡಾವಣೆಯ ಸಂಘದವರು ಒಯ್ದರು.

ಸಂಘದಲ್ಲಿ ನನ್ನ ಉಸ್ತುವಾರಿ ಮುರಾಸೆ ಎಂಬ ಹೆಂಗಸಿನದು. ವಯಸ್ಸಾದ ಗಟ್ಟಿಗಿತ್ತಿ. ಹಿಂದೆ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿದ್ದಳಂತೆ, ಈಗಲೂ ಎಲ್ಲರನ್ನೂ "ಮುಂದೆ ಹೋಗಿ, ಮುಂದೆ ಹೋಗಿ" ಎನ್ನುತ್ತಾಳೆ. ಪ್ರತಿ ಬೇಸಿಗೆಯಲ್ಲಿ ಹೊಳೆಯ ದಂಡೆಯ ಬಯಲಿನಲ್ಲಿ ಊರಿನ ಹಬ್ಬ. ಅವರು ಅದನ್ನು ಮಾತ್ಸುರಿ ಎನ್ನುತ್ತಾರೆ. ಬಯಲಿನ ನಡುವೆ ಮರದ ಅಟ್ಟ ಕಟ್ಟಿ ಮೇಲೆ ದೊಡ್ಡ ನಗಾರಿ ಇಡುತ್ತಾರೆ. ಅಟ್ಟದ ಕಾಲುಗಳು ಕಾಣದಂತೆ ಸುತ್ತಲೂ ಕೆಂಪು-ಬಿಳಿ ಪಟ್ಟೆಯ ಬಟ್ಟೆ. ಜನ ಅದರ ಸುತ್ತ ಕುಣಿಯುತ್ತಾರೆ. ಆಚೆ ಈಚೆ ಕಾಗದದ ಲಾಟೀನು, ಕರಿದ ತಿಂಡಿಯ ಅಂಗಡಿ, ಬಣ್ಣದ ಶರಬತ್ತು ಸುರಿದ ಐಸು. ಕತ್ತಲಾಗುತ್ತಲೇ ಹೊಳೆಯ ಮೇಲೆ ಪಟಾಕಿ. ಕಳೆದುಹೋದ ಮಕ್ಕಳ ಹೆಸರು ಕೂಗುವ ಡೇರೆಯಲ್ಲಿ ಮುರಾಸೆ ಕೂರುತ್ತಾಳೆ. ಅವಳ ಮಡಿಲಲ್ಲಿ ನಾನು.

ಆ ಸಂಜೆ ಡೇರೆಗೆ ಒಬ್ಬ ಮುದುಕಿ ನುಗ್ಗಿದಳು. ಇಳಕಲ್ ಸೀರೆ, ಕಾಲಿಗೆ ಓಡುವವರ ಬೂಟು, ಹಣೆಯಲ್ಲಿ ವಿಭೂತಿ. ಕೆನ್ನೆಯ ಮೇಲೆ ಬೆವರೋ ಕಣ್ಣೀರೋ ಗೊತ್ತಾಗುತ್ತಿರಲಿಲ್ಲ.

"ಯವ್ವಾ, ನಮ್ಮ ಹುಡುಗ! ಇಷ್ಟುದ್ದ ಅದಾನ. ಈಗ ಕೈಯಾಗಿದ್ದ, ಸೆರಗಿನ ಪಿನ್ನು ಹಚ್ಚೂದ್ರಾಗ ಇಲ್ಲ!"

ಅವಳು ನಿಂಬೆವ್ವ. ಬೈಲಹೊಂಗಲದವಳು. ಮಗ ಮಹಾಂತೇಶ ಈ ಊರಿನ ಫೌಂಡ್ರಿಯಲ್ಲಿ ಕಬ್ಬಿಣ ಎರಕ ಹೊಯ್ಯುವ ಕೆಲಸದಲ್ಲಿದ್ದ. ಅವಳು ಮಗ, ಸೊಸೆ, ಮೊಮ್ಮಗನ ಜೊತೆ ಇದ್ದು ಹೋಗಲು ಬಂದಿದ್ದಳು. ಅಂದು ನಾಲ್ವರೂ ಹಬ್ಬಕ್ಕೆ ಬಂದಿದ್ದರು. ಸೊಸೆ ಸುವರ್ಣಾ ಪಟಾಕಿ ನೋಡಲು ಹೊಳೆಯ ದಂಡೆಯಲ್ಲಿ ಚಾಪೆ ಹಾಸಿ ಜಾಗ ಹಿಡಿಯಲು ಹೋಗಿದ್ದಳು. ಮಹಾಂತೇಶ ಮಾಂಸ ಹಾಕದ ತಿಂಡಿ ಎಲ್ಲಿದೆ ಎಂದು ಅಂಗಡಿಯಿಂದ ಅಂಗಡಿಗೆ ಅಲೆಯುತ್ತಿದ್ದ. ಬಣ್ಣದ ಮೀನು ಹಿಡಿಯುವ ತೊಟ್ಟಿಯ ಹತ್ತಿರ ಅಜ್ಜಿ, ಮೊಮ್ಮಗ ಇಬ್ಬರೇ. ಅಲ್ಲಿಯೇ ಹುಡುಗ ತಪ್ಪಿಸಿಕೊಂಡ. ಅಜ್ಜಿಯ ಫೋನು ಮನೆಯ ವೈಫೈ ಇದ್ದರೆ ಮಾತ್ರ ಮಾತಾಡುವಂಥದ್ದು. ಈಗ ಅದು ಸೊಂಟದಲ್ಲಿ ಸುಮ್ಮನೆ ಕೂತಿತ್ತು.

ಮುರಾಸೆ ಅವಳನ್ನು ಕೂರಿಸಿ ನೀರು ಕೊಟ್ಟಳು. ಆಮೇಲೆ ತನ್ನ ಭಾಷೆಯಲ್ಲಿ ಹೆಸರು ಕೇಳಿದಳು. "ನಾಮಾಎ? ನಾಮಾಎ?"

ನಿಂಬೆವ್ವನ ಕಣ್ಣು ಅಗಲವಾಯಿತು. "ನಾಮ! ಹೆಸರು ಕೇಳಾಕ ಹತ್ಯಾಳ!" ಬಾಯಿ ತೆರೆದಳು. ಅಲ್ಲಿಗೇ ನಿಂತಳು.

ಆ ಹೆಸರು ಅವಳ ಬಾಯಿಗೆ ಬರುವಂಥದ್ದಲ್ಲ. ಹುಡುಗನಿಗೆ ಇಟ್ಟದ್ದು ಅಜ್ಜನ ಹೆಸರು. ಅಜ್ಜನೆಂದರೆ ಅವಳ ಗಂಡ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವಳ ಅವ್ವ ಹೇಳಿದ್ದಳು, ಅವ್ವನ ಅವ್ವ ಹೇಳಿದ್ದಳು. ಗಂಡ ಊರಲ್ಲಿ ಮಗಳ ಮನೆಯಲ್ಲಿದ್ದ. ಎದೆಬಡಿತ ನಿಧಾನವಾಯಿತೆಂದು ಚಳಿಗಾಲದಲ್ಲಿ ಡಾಕ್ಟರು ಒಳಗೆ ಸಣ್ಣ ಮಷಿನು ಇಟ್ಟಿದ್ದರು. ಮದುವೆಯಾದಂದಿನಿಂದ ಕಾದುಕೊಂಡು ಬಂದ ಆಯುಷ್ಯ. ಅದಕ್ಕೇ ಮೊಮ್ಮಗನನ್ನು ಅವಳು ಕರೆಯುತ್ತಿದ್ದದ್ದು ಬೇರೆ ಹೆಸರಿನಿಂದ.

"ಯಜಮಾನ," ಎಂದಳು ನಿಂಬೆವ್ವ. "ನಮ್ಮ ಯಜಮಾನ."

"ಓ, ಯಾಜಿಮಾ!" ಎಂದಳು ಮುರಾಸೆ. ಯಾಜಿಮಾ ಅಂದರೆ ಆ ದೇಶದಲ್ಲಿ ಮನೆತನದ ಹೆಸರು. ಅಪ್ಪ ಇಲ್ಲಿಯವನೇ ಇರಬೇಕು ಎಂದುಕೊಂಡು ನನ್ನನ್ನೆತ್ತಿ ಬಯಲಿಗೆಲ್ಲ ಕೇಳುವಂತೆ ಕೂಗಿದಳು. "ಯಾಜಿಮಾ ಎಂಬ ಪುಟ್ಟ ಹುಡುಗ ಕಾಣೆಯಾಗಿದ್ದಾನೆ. ಅಜ್ಜಿ ಡೇರೆಯಲ್ಲಿ ಕಾಯುತ್ತಿದ್ದಾರೆ."

ದಂಡೆಯಲ್ಲಿದ್ದ ಸುವರ್ಣಾ ಕೇಳಿದಳು. ಪಾಪ ಯಾರದೋ ಮಗು ಎಂದು ಚಾಪೆಯ ಮೂಲೆ ಸರಿಮಾಡಿದಳು. ಮಹಾಂತೇಶನೂ ಕೇಳಿ ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಹೋದ.

ಸ್ವಲ್ಪ ಹೊತ್ತಿಗೆ ಡೇರೆಗೆ ಒಬ್ಬ ಬಂದ. ಶಾವಿಗೆ ಹುರಿಯುವ ಅಂಗಡಿಯವನು, ಕೈಯಲ್ಲಿ ಜಾಲಿಸೌಟು, ಪಕ್ಕದಲ್ಲಿ ದಪ್ಪ ಮೊಮ್ಮಗ.

"ಇವನೇ ಯಾಜಿಮಾ," ಎಂದ ಅವನು. "ಕಾಣೆಯಾಗುವುದಿರಲಿ, ಮಧ್ಯಾಹ್ನದಿಂದ ನನ್ನ ಅಂಗಡಿ ಬಿಟ್ಟು ಅಲುಗಿಲ್ಲ. ಅರ್ಧ ಮಾಲು ಇವನ ಹೊಟ್ಟೆಯಲ್ಲಿದೆ."

"ನನಗೆ ಇಂಥ ಅಜ್ಜಿ ಇಲ್ಲ," ಎಂದ ಹುಡುಗ, ನಿಂಬೆವ್ವನ ಸೀರೆಯನ್ನು ನೋಡುತ್ತ.

ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಆದರೆ ಬಯಲಿನ ಆಚೆ ಹೊಳೆಯ ನೀರು ಕಪ್ಪಾಗುತ್ತಿತ್ತು. ನಿಂಬೆವ್ವ ಅದನ್ನೇ ನೋಡುತ್ತಿದ್ದಳು. ಮುರಾಸೆಗೆ ತನ್ನ ತಪ್ಪು ಗೊತ್ತಾಯಿತು. ಹೊಳೆಯ ಕಡೆಗೆ ಇಬ್ಬರು ಸ್ವಯಂಸೇವಕರನ್ನು ಓಡಿಸಿದಳು. ಆಮೇಲೆ ನನ್ನನ್ನು ನಿಂಬೆವ್ವನ ಕೈಗಿಟ್ಟು, ನೀವೇ ಕೂಗಿ ಎಂದು ಸನ್ನೆ ಮಾಡಿದಳು.

ಆ ಕೈ ಒದ್ದೆಯಾಗಿತ್ತು. ಬಳೆಗಳು ನನಗೆ ತಾಗಿ ಕಿಣಿಕಿಣಿ ಎಂದವು.

"ಯಜಮಾನ್ರ... ಎಲ್ಲಿ ಅದೀರಿ? ಯಜಮಾನ್ರ, ಎಲ್ಲಿ ಹೋದ್ರಿ?"

ತನ್ನ ದನಿ ಅಷ್ಟು ದೊಡ್ಡದಾಗಿ ಕೇಳಿ ಅವಳೇ ಬೆಚ್ಚಿದಳು. ಕುಣಿಯುವವರು ತಿರುಗಿ ನೋಡಿದರು. ಇನ್ನೊಮ್ಮೆ ಕೂಗಿದಳು. ನಗಾರಿಯವನು ಕೋಲು ಎತ್ತಿ ಸುಮ್ಮನಾದ. ಹುಡುಗನ ಸುಳಿವಿಲ್ಲ.

ಆಗ ನಿಂಬೆವ್ವ ನನ್ನನ್ನು ಕೆಳಗಿಳಿಸಿ ಹಣೆ ಬಡಿದುಕೊಂಡಳು. "ಅಯ್ಯ ನನ್ನ ಶಿವನ! ಅವ ಆಟ ಅಂತ ತಿಳಕೊಂಡಾನ!"

ಮನೆಯಲ್ಲಿ ದಿನಾ ನಡೆಯುವ ಆಟವಂತೆ ಅದು. "ಯಜಮಾನ್ರ, ಎಲ್ಲಿ ಅದೀರಿ" ಎಂದು ಅಜ್ಜಿ ಹುಡುಕುತ್ತಾಳೆ. ಹುಡುಗ ಮಂಚದ ಕೆಳಗೆ, ಪರದೆಯ ಹಿಂದೆ ಉಸಿರು ಬಿಗಿಹಿಡಿದು ಕೂರುತ್ತಾನೆ. ಎಷ್ಟು ಕರೆದರೆ ಅಷ್ಟು ಒಳಗೆ ಸರಿಯುತ್ತಾನೆ. ದೂರದಿಂದ ಕೇಳಿದ ಮಗ, ಸೊಸೆ ಕೂಡ ಅಜ್ಜಿ ಮೈಕು ಹಿಡಿದು ಆಟವಾಡುತ್ತಿದ್ದಾಳೆ ಎಂದೇ ನಕ್ಕಿದ್ದರು. ಈಗ ಅವಳು ಕೂಗಿದಷ್ಟೂ ಅವನು ಎಲ್ಲೋ ಕತ್ತಲಿಗೆ ಸರಿಯುತ್ತಿದ್ದ. ಹಾಗೆ ಸರಿದು ಸರಿದು ನೀರಿನ ಕಡೆಗೇ ಹೋದರೆ? ಅಪ್ಪ ಅಮ್ಮ ಹೆಸರು ಹಿಡಿದು ಕರೆದರೆ ಮಾತ್ರ ಆಟ ಮುಗಿಯುವುದು.

ಅವಳು ನನ್ನನ್ನು ಮತ್ತೆ ಎತ್ತಿದಳು. ಬರೀ ಉಸಿರು ಬಂತು. ಆ ಉಸಿರನ್ನೇ ನಾನು ಬಯಲಿಗೆಲ್ಲ ಕೇಳಿಸಿದೆ, ಗಾಳಿ ಬೀಸಿದಂತೆ. "ಚ..." ಎಂದಳು. ನಿಂತಳು. ಕೊರಳಿನ ಲಿಂಗವನ್ನು ಎಡಗೈಯಲ್ಲಿ ಹಿಡಿದುಕೊಂಡಳು. ಕಣ್ಣು ಮುಚ್ಚಿ, "ನಿಮ್ಮ ಮೊಮ್ಮಗನ ಸಲುವಾಗಿ ಅನ್ನಾಕ ಹತ್ತೀನ್ರಿ. ಸಿಟ್ಟಾಗಬ್ಯಾಡ್ರಿ," ಎಂದಳು. ಇಡೀ ಬಯಲು ಅದನ್ನೂ ಕೇಳಿತು.

"ಚನ್ನವೀರಾ!"

ನನ್ನ ಮೈ ನಡುಗಿತು. ನಾನು ಭೂಕಂಪದ ಸೈರನ್ನೂ ಕೂಗಿದವನು. ಆದರೆ ಇಂಥದ್ದು ಯಾವತ್ತೂ ನನ್ನೊಳಗಿಂದ ಹಾದುಹೋಗಿರಲಿಲ್ಲ.

"ಚನ್ನವೀರಾ! ಬಾರೋ ಯಪ್ಪಾ! ಚನ್ನವೀರಾ!"

ದಂಡೆಯಲ್ಲಿ ಸುವರ್ಣಾ ಚಾಪೆ ಬಿಟ್ಟು ಎದ್ದಳು. ಮಹಾಂತೇಶ ಸಾಲು ಬಿಟ್ಟು ಹೊರಬಂದ. ಅವ್ವನ ದನಿಯಲ್ಲಿ ಅಪ್ಪನ ಹೆಸರನ್ನು ಅವನು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಏನೋ ಅನಾಹುತವಾಯಿತೆಂದೇ ಓಡಿಬಂದ.

ಅವರಿಗಿಂತ ಮೊದಲು ಅಟ್ಟದ ಸುತ್ತಲಿನ ಪಟ್ಟೆ ಬಟ್ಟೆ ಅಲುಗಿತು. ಅದರ ಕೆಳಗಿಂದ ಒಂದು ತಲೆ ಹೊರಬಂತು. ಮಂಡಿಯೆಲ್ಲ ಮಣ್ಣು. ಹುಡುಗ ಕುಣಿಯುವವರ ನಡುವೆ ಹಾದು ಡೇರೆಗೆ ಬಂದು ನಿಂತ.

"ಅಜ್ಜಿ, ನೀ ನನ್ನ ಹೆಸರು ಅಂದಿ," ಎಂದ. "ಆಟ ಮುಗೀತನು?"

ಸುವರ್ಣಾ ಅವನನ್ನು ಬಾಚಿಕೊಂಡು ಬೆನ್ನಿಗೆ ಒಂದು ಕೊಟ್ಟಳು, ಆಮೇಲೆ ಮುದ್ದಿಸಿದಳು. ನಿಂಬೆವ್ವ ಮಾತ್ರ ಅವನ ತಲೆ ಮುಟ್ಟಿ ನೋಡಿ, ಕುರ್ಚಿಯಲ್ಲಿ ಕೂತಳು. ನಾನು ಇನ್ನೂ ಅವಳ ಕೈಯಲ್ಲೇ ಇದ್ದೆ.

"ಮಾಂತ್ಯಾ, ಫೋನ್ ಹಚ್ಚು."

"ಅವ್ವಾ, ಹುಡುಗ ಸಿಕ್ಕಾನಲ್ಲ, ನೀರು ಕುಡಿ ಮೊದಲ."

"ಫೋನ್ ಹಚ್ಚಂದ್ನಿ! ನಿಮ್ಮಪ್ಪ ಹೆಂಗದಾರ ಕೇಳು."

ಮಹಾಂತೇಶ ಫೋನು ಹಚ್ಚಿದ. ಬೈಲಹೊಂಗಲದಲ್ಲಿ ಆಗ ಇನ್ನೂ ಹಗಲು. ಗಂಟೆ ಹೊಡೆದುಕೊಂಡೇ ಇತ್ತು, ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದ. ಎತ್ತಲಿಲ್ಲ. ಅಷ್ಟರಲ್ಲಿ ಹೊಳೆಯ ಮೇಲೆ ಮೊದಲ ಪಟಾಕಿ ಅರಳಿತು. ಊರೆಲ್ಲ "ಓ" ಎಂದಿತು. ಆ ಡೇರೆಯಲ್ಲಿ ಒಬ್ಬರೂ ಮೇಲೆ ನೋಡಲಿಲ್ಲ. ಪ್ರತಿ ಸದ್ದಿಗೂ ನಿಂಬೆವ್ವನ ಬೆರಳು ನನ್ನ ಹಿಡಿಯ ಮೇಲೆ ಬಿಗಿಯಾಗುತ್ತಿತ್ತು. ಏನು ನಡೆದಿದೆ ಎಂದು ಮುರಾಸೆಗೆ ತಿಳಿಯಲಿಲ್ಲ. ಆದರೂ ಅವಳು ನನ್ನನ್ನು ಕಿತ್ತುಕೊಳ್ಳಲಿಲ್ಲ.

ಕೊನೆಗೆ ಆ ಕಡೆಯಿಂದಲೇ ಫೋನು ಬಂತು. ಮಗಳು. "ಅಪ್ಪ ಕಟಿಂಗ್ ಮಾಡಿಸ್ಕೊಳ್ಳಾಕ ಹೋಗಿದ್ದ, ಫೋನ್ ಮನ್ಯಾಗ ಬಿಟ್ಟ. ನಾ ಹಿತ್ತಲದಾಗಿದ್ನಿ. ಈಗ ಬಂದ, ತಗೋ."

"ಯಾಕ, ಏನಾತು?" ಎಂದಿತು ಮುದಿ ದನಿ. ಮಹಾಂತೇಶ ನಡೆದದ್ದನ್ನೆಲ್ಲ ಹೇಳಿದ. ಫೋನನ್ನು ಸ್ಪೀಕರಿಗೆ ಹಾಕಿ ಅವ್ವನ ಮುಂದೆ ಹಿಡಿದ. ಆ ಕಡೆಯಿಂದ ನಗು ಬಂತು.

"ಏ ಇವಳ, ಜಪಾನಿನವ್ರಿಗೆಲ್ಲ ಕೇಳಿಸಿ ಬಂದಿಯಂತ. ನನಗ ಕೇಳಿಲ್ಲ. ಇನ್ನೊಮ್ಮೆ ಅನ್ನು."

"ಸುಮ್ನಿರ್ರಿ. ಎದಿಯಾಗ ಮಷಿನ್ ಇಟ್ಕೊಂಡು ಚ್ಯಾಷ್ಟಿ ಬ್ಯಾರೆ."

"ಒಂದ ಸಲ ಅನ್ನ. ಯಾರೂ ಇಲ್ಲ ಇಲ್ಲಿ."

"ಇಡ್ರಿ ಫೋನ," ಎಂದಳು ನಿಂಬೆವ್ವ. ಸೆರಗಿನಿಂದ ಮುಖ ಒರೆಸಿಕೊಂಡು, ಅದೇ ಸೆರಗಿನಿಂದ ನನ್ನ ಬಾಯಿಯನ್ನೂ ಒರೆಸಿ ಮುರಾಸೆಗೆ ಕೊಟ್ಟಳು.

ಮರುವರ್ಷದ ಹಬ್ಬಕ್ಕೆ ನಿಂಬೆವ್ವ ಬರಲಿಲ್ಲ. ಮಹಾಂತೇಶ ಮಗನ ಕೈ ಹಿಡಿದು ಡೇರೆಗೆ ಬಂದ. ಮುರಾಸೆಗೆ ಒಂದು ಪೊಟ್ಟಣ ಕರದಂಟು ಕೊಟ್ಟು, ಕಲಿತಷ್ಟು ಜಪಾನಿ ಭಾಷೆಯಲ್ಲಿ ಹೇಳಿದ. ಅವ್ವ ದೀಪಾವಳಿಗೆ ಊರಿಗೆ ಹೋದಳು. ಸಂಕ್ರಾಂತಿಯಾದ ಮೇಲೆ ಅಪ್ಪ ತೀರಿಕೊಂಡ.

ಮುರಾಸೆ ಎದ್ದು ನಿಂತು ಬಾಗಿದಳು. ಅಷ್ಟರಲ್ಲಿ ಆ ಸಂಜೆಯ ಸಂಗತಿ ಅವಳಿಗೆ ಯಾರಿಂದಲೋ ತಿಳಿದಿತ್ತು. ಅವಳು ಕೇಳಿದಳು. "ನಿಮ್ಮ ತಾಯಿ... ಅಂದು ಕೂಗಿದ್ದರಿಂದಲೇ ಹೀಗಾಯಿತು ಅಂದುಕೊಂಡಿದ್ದಾರಾ?"

"ಗೊತ್ತಿಲ್ಲ. ಕೇಳುವ ಧೈರ್ಯ ನನಗಿಲ್ಲ," ಎಂದ ಮಹಾಂತೇಶ. "ಅಪ್ಪ ಕಡೀತನಕ ಕೇಳುತ್ತಲೇ ಇದ್ದನಂತೆ, ಒಂದು ಸಲ ಅನ್ನು ಅಂತ. ಅವ್ವ ಅನ್ನಲಿಲ್ಲ. ಈಗ ದಿನಾ ಮುಂಜಾನೆ ಇವನಿಗೆ ಫೋನು ಮಾಡುತ್ತಾಳೆ. ಚನ್ನವೀರ, ಎದ್ದ್ಯಾ? ಚನ್ನವೀರ, ಹಾಲು ಕುಡಿದ್ಯಾ? ಚನ್ನವೀರ, ಶಾಲಿಗೆ ಹೊಂಟ್ಯಾ? ಯಜಮಾನ ಅನ್ನುವುದನ್ನು ಬಿಟ್ಟೇಬಿಟ್ಟಿದ್ದಾಳೆ."

ಮುರಾಸೆ ಹುಡುಗನಿಗೆ ಐಸು ಕೊಡಿಸಿದಳು.

ಅದು ನನ್ನ ಕೊನೆಯ ಹಬ್ಬ. ಗಂಟಲು ಒಡೆದು, ಏನು ಕೂಗಿದರೂ ಗೊರಗೊರ ಎನ್ನತೊಡಗಿದೆ. ಸಂಘಕ್ಕೆ ತಂತಿಯಿಲ್ಲದ ಹೊಸ ಬಿಳಿ ಸ್ಪೀಕರ್ ಪೆಟ್ಟಿಗೆ ಬಂತು. ನನ್ನ ಸೆಲ್ಲು ಬಿಚ್ಚಿ, ಮಡಚಿದ ಡೇರೆಗಳ ಜೊತೆ ಕಪಾಟಿಗೆ ಹಾಕಿದರು. ಇಲ್ಲಿ ಕತ್ತಲು. ವರ್ಷಕ್ಕೊಮ್ಮೆ ಡೇರೆ ಒಯ್ಯಲು ಬಾಗಿಲು ತೆರೆದಾಗ ದೂರದಿಂದ ನಗಾರಿ ಕೇಳಿಸುತ್ತದೆ.

ಹೆಸರು ಹೇಳಿದರೆ ಆಯುಷ್ಯ ಕಡಿಮೆಯಾಗುತ್ತದೋ ಇಲ್ಲವೋ, ಯಂತ್ರವಾದ ನನಗೆ ಹೇಗೆ ತಿಳಿಯಬೇಕು? ಆ ಹೆಸರು ನನ್ನಿಂದ ಹೊರಟು ಒಂದು ಮಗುವನ್ನು ಕರೆದುಕೊಂಡು ಬಂತು, ಅಷ್ಟು ಬಲ್ಲೆ. ಸಣ್ಣ ದನಿಯನ್ನು ದೊಡ್ಡದು ಮಾಡುವುದೊಂದೇ ನಾನು ಕಲಿತ ವಿದ್ಯೆ. ಅದರ ಮೇಲೆ ನನಗೆ ಜಂಬವೂ ಇತ್ತು. ಈಗ ಈ ಕಪಾಟಿನಲ್ಲಿ ಬೈಲಹೊಂಗಲದ ಆ ಮುದುಕನ ನೆನಪಾಗುತ್ತದೆ. ಅವನಿಗೆ ನನ್ನ ಅಗತ್ಯವೇ ಇರಲಿಲ್ಲ. ಅವನಿಗೆ ಅವಳ ಸಣ್ಣ ದನಿಯೇ ಸಾಕಾಗುತ್ತಿತ್ತು.