ಮನೆಯವರ ಸಾಕ್ಷಿ

ರೇಣುಗೆ ಸಕ್ಕರೆ ಕಾಯಿಲೆ ಅಂಟಿದ್ದು ಕಾಲೇಜಿನ ದಿನಗಳಲ್ಲಿ. ಅದಕ್ಕಿಂತ ಅವಳನ್ನು ಕಾಡುತ್ತಿದ್ದುದು ಸಕ್ಕರೆ ತಟ್ಟನೆ ಇಳಿಯುವುದು. ಬೇರೆಯವರಿಗೆ ಕೈ ನಡುಗುತ್ತದೆ, ಬೆವರು ಬರುತ್ತದೆ. ಇವಳಿಗೆ ಯಾವ ಸೂಚನೆಯೂ ಇಲ್ಲ, ನಿಂತವಳು ನಿಂತ ಹಾಗೇ ಬೀಳುತ್ತಿದ್ದಳು. ಆಗೆಲ್ಲ ಗಲ್ಲದೊಳಗೆ ಗ್ಲೂಕೋಸ್ ಸವರಿ ಎಬ್ಬಿಸುತ್ತಿದ್ದವನು ಗಂಡ ಸಿದ್ದಾರೂಢ. ಪುಣೆ ಬಳಿಯ ಚಾಕಣದ ಕಾರ್ಖಾನೆಗಳಿಗೆ ಬಿಡಿಭಾಗ ಪೂರೈಸುವ ಈ ಮನುಷ್ಯ ದೇವರಂಥವನು ಎಂದು ಅವಳು ಮನಸಾರೆ ನಂಬಿದ್ದಳು.

ನಂಬಲು ಇನ್ನೊಂದು ಕಾರಣವೂ ಇತ್ತು. ಕಾಯಿಲೆಯನ್ನು ಮುಚ್ಚಿಟ್ಟೇ ಲಗ್ನವಾಗಿತ್ತು. ಗಂಡನಿಗೆ ಮಾತ್ರ ಗೊತ್ತು; ಅತ್ತೆ ಕಾಶವ್ವನಿಗೆ ತಿಳಿದರೆ ತವರಿಗೆ ಅಟ್ಟುತ್ತಾಳೆ ಎಂದು ಅವನೇ ಹೆದರಿಸಿದ್ದ. ಹಾಗಾಗಿ ರೇಣು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಸೂಜಿ ಚುಚ್ಚಿಕೊಳ್ಳುತ್ತಿದ್ದಳು. ಅಡುಗೆಮನೆಯಲ್ಲಿ ಬಿದ್ದಾಗ ಅತ್ತೆಯೇ ಹಿಡಿದೆತ್ತಿದ್ದೂ ಉಂಟು. ಆಗ ತಪ್ಪನ್ನೆಲ್ಲ ಬಡಪಾಯಿ ಪಿತ್ತದ ಮೇಲೆ ಹೊರಿಸಿದ್ದಾಯಿತು. ಗಂಡ ಏನೆಂದರೂ ಇವಳು ಹೂಂ ಅನ್ನುತ್ತಿದ್ದಳು. ನೌಕರಿ ಬಿಡು ಅಂದಾಗ ಅದನ್ನೂ ಬಿಟ್ಟಳು.

ಅಷ್ಟರಲ್ಲಿ ಪುಣೆಯ ಒಂದು ಆಸ್ಪತ್ರೆಯಲ್ಲಿ ಹೊಸ ಸಂಶೋಧನೆ ಶುರುವಾಯಿತು. ತೀರಿಕೊಂಡ ದಾನಿಯ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ತಯಾರಿಸುವ ಕೋಶಗಳ ಗುಂಪುಗಳನ್ನು ಬಿಡಿಸಿ ರೋಗಿಯ ಯಕೃತ್ತಿಗೆ ಸೇರಿಸುತ್ತಾರೆ. ಅವು ಬೇರೂರಿದರೆ ಹೀಗೆ ಬೀಳುವುದು ನಿಲ್ಲಬಹುದು. ಸೂಚನೆಯಿಲ್ಲದೆ ಬೀಳುವವರಿಗೇ ಅಲ್ಲಿ ಜಾಗ. ಬಿದ್ದವರಿಗೆ ಬಿದ್ದದ್ದು ನೆನಪಿರುವುದಿಲ್ಲವಲ್ಲ, ಅದಕ್ಕೆ ಕಣ್ಣಾರೆ ಕಂಡ ಮನೆಯವರೊಬ್ಬರು ಬಂದು ಹೇಳಬೇಕು. ಉಳಿದ ಪರೀಕ್ಷೆಗಳಲ್ಲೆಲ್ಲ ರೇಣು ಪಾಸಾಗಿದ್ದಳು.

ಸಾಕ್ಷಿ ಹೇಳಬೇಕಿದ್ದ ದಿನ ಸಿದ್ದಾರೂಢ ತಾಯಿಯನ್ನೂ ಕಾರಿನಲ್ಲಿ ಕೂರಿಸಿಕೊಂಡ. ಎಲ್ಲವನ್ನೂ ಬಯಲು ಮಾಡಿ ಹಗುರಾಗೋಣ ಅಂತಿದ್ದಾನೆ ಎಂದುಕೊಂಡು ರೇಣು ಖುಷಿಪಟ್ಟಳು, ಹುಚ್ಚಿ. ರೇಣು ಬೀಳುವುದನ್ನು ಕಂಡಿದ್ದೀರಾ ಎಂದು ಡಾಕ್ಟರು ಅತ್ತೆಯ ಎದುರೇ ಮರಾಠಿಯಲ್ಲಿ ಕೇಳಿದರು. ಇವನು ಅಷ್ಟೇ ಸಲೀಸಾದ ಮರಾಠಿಯಲ್ಲಿ, ಹಾಗೇನೂ ಆಗಿಲ್ಲ, ನಾನಂತೂ ಕಂಡಿಲ್ಲ ಅಂದ. ಮತ್ತೊಮ್ಮೆ ಕೇಳಿದರು, ಅದೇ ಉತ್ತರ. ಸಾಕ್ಷಿಯಿಲ್ಲದೆ ಸೇರಿಸಿಕೊಳ್ಳಲಾಗದು, ಸಂಜೆಗೆ ಈ ಜಾಗ ಬೇರೆಯವರಿಗೆ ಹೋಗುತ್ತದೆ ಎಂದು ಡಾಕ್ಟರು ಬೇಸರದಿಂದಲೇ ಹೇಳಿದರು.

ಹೊರಗೆ ಬಂದು ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದಳು. ಅವ್ವನ ಎದುರು ಹೇಗೆ ಹೇಳಲಿ ಎಂದು ಗೊಣಗಿ ಅವನು ಕಾರು ತರಲು ಹೋದ. ರೇಣುಗೆ ಅಳು ಉಕ್ಕಿ ಬಂತು. ಅಳುತ್ತಲೇ ಅವನನ್ನು ಕ್ಷಮಿಸಲೂ ತಯಾರಾಗಿದ್ದಳು.

ಕಾಶವ್ವ ಸೊಸೆಯ ಬೆನ್ನು ಸವರಿದಳು. "ಅಳಬ್ಯಾಡ. ನಿನ್ನ ಸಕ್ರಿ ಬ್ಯಾನಿ ನನಗ ಲಗ್ನಕ್ಕಿಂತ ಮೊದಲ ಗೊತ್ತಿತ್ತು. ಅವನ ಬಂದು ಹೇಳಿದ್ದ."

"ಮತ್ತ ನೀವ್ಯಾಕ ಸುಮ್ಮನಿದ್ರಿ?"

"ಬಾಯಿ ಬಿಡಬ್ಯಾಡ ಅಂದಿದ್ದ. ಹೆದರಿಕಿ ಇದ್ರ ಹೇಳಿದಂಗ ಕೇಳ್ತಾಳ ಅಂದ."

ರೇಣು ದೇವರ ಕೈ ಅಂದುಕೊಂಡಿದ್ದ ಕೈಯೇ ಇಷ್ಟು ವರ್ಷ ಅವಳ ಜುಟ್ಟು ಹಿಡಿದಿತ್ತು. ಅವಳು ಗುಣವಾದರೆ ಆ ಜುಟ್ಟು ಕೈತಪ್ಪುತ್ತದೆ, ಅಷ್ಟೇ ಸಂಗತಿ. ಕಣ್ಣೊರೆಸಿಕೊಂಡು ಅತ್ತೆಯ ಕೈ ಹಿಡಿದಳು.

"ಅತ್ತಿ, ನೀವೂ ಮನಿಯವರ. ನಾ ಬಿದ್ದದ್ದು ಕಂಡೀರಿ. ಮ್ಯಾಲ ಬಂದು ಅಷ್ಟ ಹೇಳ್ರಿ, ಸಾಕು."

ಕಾಶವ್ವ ಮೆಟ್ಟಿಲ ಕಡೆ ತಿರುಗಿದ್ದೂ ನಿಜ. ಅಷ್ಟರಲ್ಲಿ ಕಾರು ಬಂತು. ಮಗ ಒಳಗಿಂದಲೇ ಬಾಗಿಲು ತೆರೆದ.

"ಹೆತ್ತ ಮಗನ್ನ ಸುಳ್ಳ ಮಾಡ್ಲೇನವಾ?" ಎಂದು ಮುದುಕಿ ಕೈ ಬಿಡಿಸಿಕೊಂಡು, ಸೆರಗು ಸರಿಮಾಡಿಕೊಂಡು ಕಾರಿನಲ್ಲಿ ಕೂತಳು.

ರೇಣುಗೆಂದು ಹಿಂದಿನ ಬಾಗಿಲೂ ತೆರೆಯಿತು. ಅವಳು ಅದನ್ನು ತಾನೇ ಮುಚ್ಚಿ, ಹೋಗಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಳು. ಇಲ್ಲಿ ಬಿದ್ದರೆ ಹಾದಿಹೋಕರು ಯಾರಾದರೂ, ಕಂಡದ್ದನ್ನು ಕಂಡ ಹಾಗೆ ಹೇಳಿಯಾರು.